ಅಜ್ಜಿ ಕಟ್ಟಿಕೊಟ್ಟ ಹುಚ್ಚೆಳ್ಳು ಪುಡಿ

ಈಗಲೂ ಹುಚ್ಚೆಳ್ಳು ಹುರಿಯುವ ವಾಸನೆ ಬಂದರೆ ನನಗೆ ಶಿವನಿ ಊರಿನ ಅಜ್ಜಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸೈನ್ಯದಲ್ಲಿದ್ದ ಚಿಕ್ಕಪ್ಪ ಮಗಳ ನಾಮಕರಣಕ್ಕೆಂದು ರಜೆಯ ಮೇಲೆ ಬಂದಿದ್ದರು. ಅಷ್ಟರಲ್ಲಿ ಗಡಿಯಲ್ಲಿ ಯುದ್ಧ ಶುರುವಾಗಿ, ಕೂಡಲೇ ಹೊರಟು ಬರುವಂತೆ ಕರೆ ಬಂತು. ತಾತನೂ ಸಿಪಾಯಿಯೇ. ಹಿಂದೊಂದು ಯುದ್ಧಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಅಜ್ಜಿ ಒಲೆ ಹಚ್ಚಿ, ಮಗನ ದಾರಿಗೆಂದು ಹುಚ್ಚೆಳ್ಳು ಪುಡಿ ಮಾಡತೊಡಗಿದಳು. ಒರಳಿನ ಪಕ್ಕ ಕೂತಿದ್ದ ನನ್ನ ಬೆರಳಿಗೆಲ್ಲ ಅದರ ಕರಿ ಜಿಡ್ಡು ಅಂಟಿತ್ತು.

ಚಿಕ್ಕಮ್ಮ ಹಸುಗೂಸನ್ನು ಎದೆಗವಚಿಕೊಂಡು ಬಿಕ್ಕುತ್ತಿದ್ದಳು. ಅಜ್ಜಿ ಒಂದು ಚಿಟಿಕೆ ಪುಡಿ ತೆಗೆದು ಅವಳ ಅಂಗೈಗೆ ಹಾಕಿದಳು.

"ಅಳ್ಬೇಡ ಕಣೇ. ಉಪ್ಪು ಸರಿ ಐತಾ ನೋಡು. ನಂಗೆ ರುಚಿನೇ ಗೊತ್ತಾಗ್ತಿಲ್ಲ."

ಚಿಕ್ಕಪ್ಪ ಆ ಸಂಜೆಯ ರೈಲು ಹತ್ತಿದರು.

ಕೆಲವು ತಿಂಗಳ ಮೇಲೆ ಅವರು ಕ್ಷೇಮವಾಗಿ ತಿರುಗಿ ಬಂದರು. ಬೀದಿಯವರೆಲ್ಲ ಹಾರ ಹಿಡಿದು ಬಂದರು. ಅಜ್ಜಿ ಮಾತ್ರ ಮಗನ ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಕೂತಿದ್ದಳು.

"ಯುದ್ಧ ಮುಗೀತು ಕಣವ್ವಾ. ಇನ್ನೇನೂ ಭಯ ಇಲ್ಲ" ಎಂದರು ಚಿಕ್ಕಪ್ಪ.

"ನಿಮ್ಮಪ್ಪ ಹೋಗಿದ್ರಲ್ಲ, ಆ ಯುದ್ಧನೂ ಮುಗೀತು ಅಂತ ಎಲ್ರೂ ಅಂದಿದ್ರು ಕಣಪ್ಪಾ" ಎಂದಳು ಅಜ್ಜಿ.