ಬಿ ಸೈಡಿನ ಆರತಿ ಹಾಡು

ಕಮಾಲಸಾಬ ಫೋನ್ ಎತ್ತಿದ, ಕೇಳಿದ, ಇಟ್ಟ. ಆಮೇಲೆ ಗೋಡೆಯಿಂದ ಅದರ ವೈರನ್ನೇ ಕಿತ್ತ.

ಮಾತಾಡಿದ್ದು ಇಟ್ಟಿಗಿಯ ಗುರುಸಂಗಪ್ಪ, ನಾಗಲಿಂಗಮ್ಮನ ಮೈದುನ. ಹೊಲದಿಂದ ಬಂದವನು ಊಟಕ್ಕೆ ಅಣ್ಣನನ್ನು ಎಬ್ಬಿಸಲು ಹೋದನಂತೆ. ಕಂಬಳಿ ಸರಿಸಿ ಮುಟ್ಟಿದರೆ ಮೈ ಕಟ್ಟಿಗೆಯಾಗಿತ್ತಂತೆ. ಅತ್ತಿಗೆಯನ್ನು ಈಗಿಂದೀಗಲೇ ಕಳಿಸಿಕೊಡಿ ಅಂದಿದ್ದ.

"ಯಾರ್ದ್ರಿ ಫೋನು?" ಹಾರ್ಮೋನಿಯಂ ಮೇಲಿನ ಕೈ ತೆಗೆಯದೆ ಪಾಲಾಕ್ಷಪ್ಪ ಒಳಗಿನಿಂದ ಕೇಳಿದ.

"ರಾಂಗ್ ನಂಬರ್."

ಮೈಕಿನ ಮುಂದೆ ಕುಳಿತಿದ್ದ ನಾಗಲಿಂಗಮ್ಮ ಏನೂ ಕೇಳಲಿಲ್ಲ. ಇತ್ತ ತಿರುಗಿಯೂ ನೋಡಲಿಲ್ಲ.

ಅದು ಕ್ಯಾಸೆಟ್ಟುಗಳ ಕಾಲ. ಕೊಟ್ಟೂರಿನಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಕಮಾಲಸಾಬ, ಹೊರಗಿನ ಸದ್ದು ತಡೆಯಲು ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಹೆಂಡತಿ ಫಕೀರಬಿ ಹೊಲಿದ ಕೌದಿಗಳನ್ನೆಲ್ಲ ಮೊಳೆ ಹೊಡೆದು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದ. ಒಳಗೆ ಮೊಟ್ಟೆ ಇಟ್ಟರೆ ಕೋಳಿಯಿಲ್ಲದೆ ಮರಿಯಾಗುವಷ್ಟು ಸೆಕೆ. ಇಷ್ಟಾದರೂ ಬಸ್ಸಿನ ಹಾರ್ನು ಕೌದಿಗೆ ಹೆದರುತ್ತಿರಲಿಲ್ಲ. ಹಾಡಿನ ನಡುವೆ ಒಂದು ನುಸುಳಿತೋ, ಮತ್ತೆ ಮೊದಲಿನಿಂದ.

ನಾಗಲಿಂಗಮ್ಮ ಸೋಬಾನೆ ಹಾಡಿದರೆ ಮದುಮಗಳ ತಾಯಿ ಹಾಗಿರಲಿ, ಚಪ್ಪರದ ಕಂಬವೂ ಅತ್ತು ನೆನೆಯುತ್ತದೆ ಎನ್ನುತ್ತಿದ್ದರು ಹಡಗಲಿ ಕಡೆಯ ಜನ. ಇದು ಅವಳ ಮೊದಲ ಕ್ಯಾಸೆಟ್ಟು. ಉಳಿದಿದ್ದು ಒಂದೇ ಹಾಡು, ಬಿ ಸೈಡಿನ ಕೊನೆಯ ಆರತಿ ಹಾಡು. ಆರತಿ ಇಲ್ಲದೆ ಮದುವೆ ಹೇಗೆ ಮುಗಿಯುವುದಿಲ್ಲವೋ ಮದುವೆಯ ಕ್ಯಾಸೆಟ್ಟೂ ಹಾಗೇ.

ಈಗ ಹೇಳಿಬಿಟ್ಟರೆ? ಗಂಡ ಸತ್ತವಳು ಸೋಬಾನೆ ಹಾಡುವಂತಿಲ್ಲ. ಚಪ್ಪರದ ಕೆಳಗೆ ನಿಲ್ಲುವಂತೆಯೂ ಇಲ್ಲ. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಆ ಗಂಟಲು ಮುಚ್ಚಿದ ಹಾಗೇ. ಇವತ್ತು ಆಗದಿದ್ದರೆ ಇನ್ನೆಂದೂ ಇಲ್ಲ. ಒಂದೇ ಹಾಡು, ಮುಗಿದ ಕೂಡಲೇ ಹೇಳುತ್ತೇನೆ ಎಂದುಕೊಂಡ ಕಮಾಲಸಾಬ.

ಬೆಳಿಗ್ಗೆ ಅವಳು ಮೊದಲ ಬಸ್ಸಿಗೇ ಬಂದಿದ್ದಳು. ಒಬ್ಬಳೇ. ತಲೆಗೂದಲು ಇನ್ನೂ ಒದ್ದೆಯಿತ್ತು. ಗಂಡ ಶಿವಯೋಗಪ್ಪ ಮಳೆಗಾಲದಿಂದ ಹಾಸಿಗೆ ಹಿಡಿದಿದ್ದ. ಯಜಮಾನರು ಹೇಗಿದ್ದಾರೆ ಎಂದು ಕಮಾಲಸಾಬ ವಿಚಾರಿಸಿದ್ದ.

"ರಾತ್ರೆಲ್ಲಾ ನರಳಿದ್ರು. ಈಗ ಆರಾಮ ಮಲಗ್ಯಾರ," ಅಂದಿದ್ದಳು. "ಯಾರೂ ಎಬ್ಬಿಸಬ್ಯಾಡ್ರಿ ಅಂತ ಹೇಳಿ ಬಂದೀನಿ."

ಆಮೇಲೆ ಕವರಿಗೆಂದು ತೆಗೆಸಿದ್ದ ತನ್ನ ಫೋಟೊ ವಾಪಸು ಕೇಳಿದಳು. ಹಿಂದಿನ ಸಲ ಬಂದಾಗ ಅದನ್ನು ಫಕೀರಬಿಗೆ ತೋರಿಸಿ, ನನ್ನ ಮೂಗು ಇಷ್ಟು ದಪ್ಪ ಐತೇನು ಎಂದು ನಕ್ಕು ನಕ್ಕು ಸುಸ್ತಾಗಿದ್ದವಳು ಅವಳೇ. ಈಗ ಫೋಟೊ ಬೇಡ, ಹೆಸರೂ ಬೇಡ, ಬರೀ ಸೋಬಾನೆ ಪದಗಳು ಎಂದಷ್ಟೇ ಅಚ್ಚು ಹಾಕಿಸಿ ಅಂದಳು. ಮನೆಯಲ್ಲಿ ಯಾರೋ ಬೈದಿರಬೇಕು ಎಂದುಕೊಂಡು ಅವನು ಫೋಟೊ ವಾಪಸು ಕೊಟ್ಟಿದ್ದ.

ಕಮಾಲಸಾಬ ರೆಕಾರ್ಡ್ ಗುಂಡಿ ಒತ್ತಿದ. ಆರತಿ ಹಾಡಿನ ಕೊನೆಗೆ ಹಾಡುವವಳು ತನ್ನ ಗಂಡನ ಹೆಸರನ್ನು ಪದ ಕಟ್ಟಿ ಹೇಳಬೇಕು. ಅದು ಪದ್ಧತಿ. ನಾಗಲಿಂಗಮ್ಮ ಹೆಸರಿನ ತನಕ ಬಂದಳು. ನಿಂತಳು. ಬಾಯಿ ತೆರೆದೇ ಇತ್ತು, ಹೆಸರು ಬರಲಿಲ್ಲ.

"ಈ ವಯಸ್ಸಿನಾಗ ನಾಚಿಕಿ ಬಂತೇನಕ್ಕಾ?" ಪಾಲಾಕ್ಷಪ್ಪ ನಕ್ಕ.

ಕಮಾಲಸಾಬನಿಗೆ ನಗು ಬರಲಿಲ್ಲ. ಟೇಪು ಹಿಂದಕ್ಕೆ ಸುತ್ತಿದ. ಎರಡನೆಯ ಸಲ ಹಾಡು ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು.

ಫಕೀರಬಿ ಚಹಾ ತಂದಳು. ನಾಗಲಿಂಗಮ್ಮ ಮುಟ್ಟಲಿಲ್ಲ. ನೀರು ಕೊಟ್ಟರೆ ಬಾಯಿ ಮುಕ್ಕಳಿಸಿ ಹಿತ್ತಲಿಗೆ ಉಗುಳಿ ಬಂದಳು. ಬೆಳಿಗ್ಗೆಯಿಂದ ಒಂದು ಹನಿಯೂ ಒಳಗೆ ಹೋಗಿಲ್ಲ, ಹೀಗಾದರೆ ದನಿ ಎಲ್ಲಿಂದ ಬರಬೇಕು ಎಂದು ಫಕೀರಬಿ ಗದರಿದಳು.

"ಇದು ಮುಗೀಲಿ ತಾಯಿ. ಅಲ್ಲೀತನಕ ಏನೂ ಗಂಟಲಾಗ ಇಳಿಯಾಂಗಿಲ್ಲ."

ಏನೋ ಹರಕೆ ಹೊತ್ತಿದ್ದಾಳೆ ಎಂದುಕೊಂಡ ಕಮಾಲಸಾಬ. ಹೊರಗೆ ಹೋಗಿ ಜೀಪಿನವನಿಗೆ ಹೇಳಿ ಬಂದ. ಬಿಸಿಲು ವಾಲುತ್ತಿತ್ತು. ಅಲ್ಲಿ ಇಟ್ಟಿಗಿಯಲ್ಲಿ ಹೆಣದ ಸುತ್ತ ಕೂತವರು ಇವಳಿಗಾಗಿ ದಾರಿ ಕಾಯುತ್ತಿದ್ದಾರೆ, ಇಲ್ಲಿ ತಾನು ಕರೆಂಟಿಗಾಗಿ ಕಾಯುತ್ತಿದ್ದೇನೆ. ಸಾಕು, ಈ ಪಾಪ ನನಗೆ ಬೇಡ ಎನಿಸಿತು. ಒಳಗೆ ಬಂದು ಅವಳೆದುರು ನಿಂತ. ಹೇಳಲು ಬಾಯಿ ತೆರೆದ.

ಫ್ಯಾನು ತಿರುಗಿತು.

"ಒತ್ರಿ ಸಾಬಣ್ಣ," ಎಂದಳು ನಾಗಲಿಂಗಮ್ಮ.

ಅವನು ಒತ್ತಿದ.

ಈ ಸಲ ಅವಳು ಕಣ್ಣು ಮುಚ್ಚಿ ಹಾಡಿದಳು. ಪಾಲಾಕ್ಷಪ್ಪನ ಬೆರಳೇ ಒಂದೆರಡು ಕಡೆ ತಡವರಿಸಿತು, ಅವಳ ದನಿಯಲ್ಲ. ಹೆಸರು ಹೇಳುವ ಜಾಗ ಬಂತು.

"ಮುತ್ತಿನಾರತಿ ಹಿಡಿದು ನಿಂತೀನಿ ಬಾಗಿಲ ಮುಂದ, ಶಿವಯೋಗಪ್ಪನವರ ಹೆಸರು ಹೇಳ್ತೀನಿ ಮುತ್ತೈದೇರ ಮುಂದ."

ದಾರಿಯ ಮೇಲಿನ ಬಸ್ಸುಗಳಿಗೂ ಏನಾಗಿತ್ತೋ, ಒಂದೂ ಹಾರ್ನು ಹೊಡೆಯಲಿಲ್ಲ.

ಕಮಾಲಸಾಬ ಕ್ಯಾಸೆಟ್ಟು ತೆಗೆದ. ಅದರ ಮೇಲೆ ಇನ್ಯಾರೂ ಏನೂ ತುಂಬದಂತೆ ಹಿಂಬದಿಯ ಪ್ಲಾಸ್ಟಿಕ್ ಕಿವಿಗಳನ್ನು ಸ್ಕ್ರೂಡ್ರೈವರಿನಿಂದ ಮುರಿದ. ಆಮೇಲೆ ಅವಳ ಮುಂದೆ ಕುಕ್ಕರಿಸಿದ. ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಅಕ್ಕಾರ, ನನಗ ಅಲ್ಲಾ ಮಾಫಿ ಕೊಡಾಂಗಿಲ್ಲ. ಆಗ ಬಂದ ಫೋನು ನಿಮ್ಮ ಮೈದುನಂದು. ಯಜಮಾನ್ರು..." ಬಾಗಿಲ ಕಡೆ ಕೈ ತೋರಿಸಿದ. "ಹೊರಗ ಜೀಪು ನಿಂತೈತಿ."

ಪಾಲಾಕ್ಷಪ್ಪ ಹಾರ್ಮೋನಿಯಂ ಬಿಟ್ಟು ಎದ್ದು ನಿಂತ. ನಾಗಲಿಂಗಮ್ಮ ಮಾತ್ರ ಏಳಲಿಲ್ಲ. ಕೈಯಲ್ಲಿದ್ದ ಹಸಿರು ಬಳೆಗಳನ್ನು ಒಂದೊಂದಾಗಿ, ಒಂದೂ ಒಡೆಯದಂತೆ ಕಳಚಿ, ಹಾರ್ಮೋನಿಯಂ ಮೇಲೆ ಇಟ್ಟಳು. ಫಕೀರಬಿ ಇಟ್ಟು ಹೋಗಿದ್ದ ತಂಬಿಗೆ ಎತ್ತಿ ಗಟಗಟನೆ ನೀರು ಕುಡಿದಳು.

"ನೀವ್ಯಾಕ ಅಳ್ತೀರಿ ಸಾಬಣ್ಣ," ಎಂದಳು. "ನಸುಕಿನ್ಯಾಗ ನನ್ನ ಕೈಯಾರ ಅವರ ಕಣ್ಣು ಮುಚ್ಚಿ, ಕಂಬಳಿ ಹೊಚ್ಚೇ ಬಂದೀನಿ."