ಬಗ್ಗದ ಮಂಡಿ

ಅಕ್ಕನ ಮಗಳ ಮದುವೆಯಲ್ಲಿ, ಬೀಗರ ಎದುರಿಗೇ, "ಇದೂ ಒಂದು ಊಟವೇನೇ?" ಎಂದುಬಿಟ್ಟಿದ್ದಳು ತಂಗಿ. ಆರು ವರ್ಷದಿಂದ ಮಾತಿಲ್ಲ. ಹೋಗಿ ಕಾಲಿಗೆ ಬಿದ್ದರೆ ಮುಗಿಯುವ ಜಗಳ.

"ಬೀಳೋದೇನೋ ಬೀಳ್ತೀನಿ, ಆಮೇಲೆ ಎಬ್ಬಿಸೋರ್ಯಾರು? ಮಂಡಿ ಬಗ್ಗಲ್ಲ." ಪ್ರತಿ ಗೌರಿಹಬ್ಬಕ್ಕೂ ಗಂಡ ಹೋಗೋಣವೆಂದರೆ ತಂಗಿಯದು ಇದೇ ಉತ್ತರ. ನೋವು ನಿಜ, ನೆಪವೂ ನಿಜ.

ಕೊನೆಗೆ ಗಂಡ ಅವಳನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋದರು. ಮರುದಿನದಿಂದ ಬೆಳಿಗ್ಗೆ ಆರಕ್ಕೇ ಅಲ್ಲಿನ ಡಾಕ್ಟರಮ್ಮನ ರಾಗವನ್ನು ಅಣಕಿಸಿ ಎಬ್ಬಿಸತೊಡಗಿದರು: "ಎತ್ತೀ ಅಮ್ಮಾ... ಹಾಗೇ ಹಿಡೀರೀ... ಕಾಲು ಬಿಗಿ ಮಾಡಿ ಅಂದ್ರೆ ಮುಖ ಬಿಗಿ ಮಾಡ್ತೀರಲ್ಲಾ!"

"ಸಾಕ್ರೀ. ಈ ಜನ್ಮಕ್ಕೆ ಸಾಕು."

"ಇನ್ನು ಹತ್ತು ಸಲ ಎತ್ತು. ಜನ್ಮದ ವಿಚಾರ ಆಮೇಲೆ ನೋಡೋಣ."

ನಾಲ್ಕು ತಿಂಗಳು ಹೀಗೇ ಸವೆಯಿತು. ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ನೆಲಕ್ಕೆ ಕೂತು, ಗೋಡೆ ಹಿಡಿಯದೆ ಎದ್ದಳು. ಗಂಡ ಚಪ್ಪಾಳೆ ತಟ್ಟಿದರು. ಅವಳಿಗೆ ಅಳು ಬಂತು. ಇನ್ನು ಹೇಳಲು ನೆಪವೇ ಉಳಿದಿರಲಿಲ್ಲ.

ಅಕ್ಕನ ಮನೆಗೆ ಹೋದಾಗ ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ತಂಗಿ ಮಂಡಿಯೂರಿ ಕಾಲು ಮುಟ್ಟಿದಳು. ಅಕ್ಕನ ಎರಡೂ ಮಂಡಿಗೆ ಪಟ್ಟಿ ಬಿಗಿದಿತ್ತು.

"ನಿಂಗೂನಾ ಅಕ್ಕಾ? ವ್ಯಾಯಾಮ ಗೀಯಾಮ ಮಾಡ್ತಿದೀಯಾ?"

"ಮಾಡ್ದೆ ಇನ್ನೇನು? ದಿನಾ ಮೆಟ್ಟಿಲು ಹತ್ತೋದು ಕಲೀತಿದೀನಿ. ಮೂರನೇ ಮಹಡೀಲಿ ಮನೆ ಮಾಡಿದೀಯ, ಲಿಫ್ಟೂ ಇಲ್ಲ, ನಲವತ್ತೆರಡು ಮೆಟ್ಟಿಲಂತೆ. ಮೂವತ್ತೈದರವರೆಗೆ ಬಂದಿದ್ದೆ, ಅಷ್ಟರಲ್ಲಿ ನೀನೇ ಬಂದ್ಬಿಟ್ಟೆಯಲ್ಲೇ."