ಐಸಿಗೆ ಹೇಳಿದ ಸ್ತೋತ್ರ

ಮೂಕಂಡಪಲ್ಲಿಯ ನಮ್ಮ ಮನೆಯ ಫ್ರಿಜ್ಜು ಕೆಟ್ಟೀತೆಂಬ ಭಯಕ್ಕೆ ನಾನು ಆಗಾಗ ಬಾಗಿಲು ತೆಗೆದು ನೋಡುತ್ತೇನೆ. ಅದು ಕೆಟ್ಟರೆ ನನ್ನಿಂದಲೇ ಎನ್ನುತ್ತಾಳೆ ಹೆಂಡತಿ. ಐಸಿನ ಆ ತಣ್ಣನೆಯ ವಾಸನೆ ಮೂಗಿಗೆ ಬಡಿದಾಗಲೆಲ್ಲ ಟಾಂಜಾನಿಯಾದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ, ಅವ್ವ ಮಿಷನರಿಗಳಾಗಿ ಹೊಸೂರಿನಿಂದ ನಮ್ಮನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದರು. ಅದು ಕರೆಂಟಿಲ್ಲದ ಹಳ್ಳಿ. ತಂಗಿಗೆ ಜ್ವರ ಏರಿತ್ತು. ಕುದಿಸಿದ ನೀರು ಕೊಟ್ಟರೆ ಉಗುಳುತ್ತಿದ್ದಳು.

"ಹೊಸೂರಲ್ಲಿ ಐಸ್ ಕೇಳಿದ್ರೆ ಗಂಟ್ಲು ಕಟ್ತೈತೆ ಅಂತ ನಾನೇ ಬೈತಿದ್ನಲ್ಲ," ಎನ್ನುತ್ತ ಅವ್ವ ಸೆರಗಿನಿಂದ ಅವಳ ಹಣೆ ಒರೆಸಿದಳು.

ಪಕ್ಕದ ಮನೆಯವನು ದೂರದ ಪೇಟೆಯಿಂದ ಸೈಕಲ್ಲಿನಲ್ಲಿ ಐಸ್ ತಂದ. ಗೋಣಿ ಬಿಚ್ಚಿ ಮರದ ಹೊಟ್ಟು ಸರಿಸಿದರೆ ನಿಂಬೆಹಣ್ಣಿನಷ್ಟು ಉಳಿದಿತ್ತು.

ಅಪ್ಪ ಅದನ್ನು ತಟ್ಟೆಯಲ್ಲಿಟ್ಟು, ಕಣ್ಣು ಮುಚ್ಚಿ, ಐಸಿಗೆ, ಸೈಕಲ್ಲಿಗೆ, ಬಂದ ದಾರಿಗೆ, ಒಂದೊಂದಕ್ಕೂ ದೇವರಿಗೆ ಸ್ತೋತ್ರ ಹೇಳತೊಡಗಿದರು. ಆಗಲೂ ಕಳವಳದ ಗಿರಾಕಿಯಾಗಿದ್ದ ನಾನು ಕಣ್ಣು ಬಿಟ್ಟುಕೊಂಡು ತಟ್ಟೆಯನ್ನೇ ನೋಡುತ್ತಿದ್ದೆ.

"ಅವ್ವಾ, ಕರಗ್ತಾ ಐತೆ," ಅಂದೆ.

"ಬೇಗ ಆಮೆನ್ ಅನ್ರೀ," ಎಂದಳು ಅವ್ವ. "ದೇವ್ರು ಕಾಯ್ತಾನೆ. ಐಸ್ ಕಾಯಲ್ಲ."

ಅಪ್ಪ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಅವ್ವ ಉಳಿದ ಚೂರನ್ನು ತುಟಿಗೆ ಸವರಿದಾಗ ತಂಗಿ ಕಣ್ಣು ತೆರೆದು, "ಇನ್ನೊಂಚೂರು," ಎಂದಳು. ಮತ್ತೆ ಕೊಡಲು ಇರಲಿಲ್ಲ.

ಅವಳನ್ನು ಅಲ್ಲಿಯೇ ಮಣ್ಣು ಮಾಡಿ ನಾವು ಮೂವರು ಹೊಸೂರಿಗೆ ಮರಳಿದೆವು. ಆಮೇಲೆ ಊಟಕ್ಕೆ ಮುಂಚೆ ಅಪ್ಪ ಕಣ್ಣು ಮುಚ್ಚಿದರೆ ಎಷ್ಟು ಹೊತ್ತಾದರೂ ಒಂದು ಮಾತೂ ಹೊರಡುತ್ತಿರಲಿಲ್ಲ. ಬಡಿಸಿದ ಅನ್ನ ಆರುತ್ತಿತ್ತು. ಅವ್ವ ಅವಸರ ಮಾಡುತ್ತಿರಲಿಲ್ಲ.